ಮೂರನೆಯವರು

ಶಲವಡಿಯ ಶಂಭುಲಿಂಗಪ್ಪನವರು ಕಾರು ನಡೆಸಲು ಕಲಿತದ್ದು ಅರವತ್ತು ದಾಟಿದ ಮೇಲೆ. ವರಲಕ್ಷ್ಮಿ ತಳಿಯ ಹತ್ತಿ ಮೊದಲ ಸಲ ಅವರ ಎರೆಹೊಲದಲ್ಲಿ ಬೆಳ್ಳಗೆ ಒಡೆದು ನಿಂತ ವರ್ಷ ಹುಬ್ಬಳ್ಳಿಗೆ ಹೋಗಿ ಒಂದು ಹಳೆಯ ಅಂಬಾಸಿಡರ್ ತಂದರು. ಊರಿನಲ್ಲಿ ಕಾರೆಂದರೆ ಅದೊಂದೇ. ಹಾಗಾಗಿ ಅದು ಬಹಳ ದಿನ ಅವರೊಬ್ಬರದಾಗಿ ಉಳಿಯಲಿಲ್ಲ. ದಾರಿಯಲ್ಲಿ ಯಾರು ಕೈ ಎತ್ತಿದರೂ ನಿಲ್ಲಿಸಬೇಕು, ಹೆರಿಗೆ ಬೇನೆ ಬಂದವರನ್ನು ಅಣ್ಣಿಗೇರಿಯ ಆಸ್ಪತ್ರೆಗೆ ಮುಟ್ಟಿಸಬೇಕು. ಒಂದು ದಿನ ನಿಲ್ಲಿಸದೆ ಹೋದರೂ ಗುಡಿಕಟ್ಟೆಯ ಮೇಲೆ ಮಾತು ಕೇಳಬೇಕಾಗುತ್ತಿತ್ತು. ಈಗ ಅವರಿಗೆ ಎಪ್ಪತ್ತು ಹತ್ತಿರ ಬಂದಿತ್ತು.

ಸುಗ್ಗಿಯಲ್ಲಿ ಕಾರಿಗೆ ಇನ್ನೊಂದು ಕೆಲಸ. ಡಾಂಬರು ರಸ್ತೆ ಆದಾಗಿನಿಂದ ಅರ್ಧ ಊರು ಕಣ ಮಾಡುವುದನ್ನೇ ಬಿಟ್ಟಿತ್ತು. ಜೋಳದ ತೆನೆಗಳನ್ನು ರಸ್ತೆಯ ಮೇಲೆ ಹರಡಿ ಬದಿಗೆ ಕೂತರಾಯಿತು, ಹಾಯ್ದು ಹೋಗುವ ಬಸ್ಸು ಲಾರಿಗಳು ಕಾಳು ಬಿಡಿಸಿಕೊಡುತ್ತಿದ್ದವು. ಶಂಭುಲಿಂಗಪ್ಪನವರೂ ತೆನೆ ಕಂಡಲ್ಲಿ ಗಾಡಿ ನಿಧಾನ ಮಾಡಿ, ಎಲ್ಲವೂ ಗಾಲಿಗೆ ಸಿಗುವಂತೆ ಹಾಯಿಸುತ್ತಿದ್ದರು. ಅದೊಂದು ಸೇವೆಯೆಂದೇ ಅವರ ನಂಬಿಕೆ.

ಆ ಸಂಜೆ ಹೆಂಡತಿ ಗುರವ್ವನ ಜೊತೆ ಅಣ್ಣಿಗೇರಿಯಿಂದ ಬರುತ್ತಿದ್ದರು. ಹೊತ್ತು ಮುಳುಗಿ ಇನ್ನೂ ಬೆಳಕು ಆರಿರಲಿಲ್ಲ. ಊರ ಹತ್ತಿರ ತೆನೆ ಹರಡಿದ್ದು ಕಂಡು ಎಂದಿನಂತೆ ಗಾಡಿಯನ್ನು ಅದರ ಮೇಲೆ ತಿರುಗಿಸಿದರು. ಗುರವ್ವ ಅವರ ತೋಳನ್ನು ಗಟ್ಟಿಯಾಗಿ ಹಿಡಿದಳು. ಏನೆಂದು ತಿಳಿಯುವ ಮೊದಲೇ ಅವರ ಕಾಲು ಬ್ರೇಕನ್ನು ಒತ್ತಿತ್ತು. ದಂಟಿನ ಗುಪ್ಪೆ ಎಂದುಕೊಂಡಿದ್ದು ಮೆಲ್ಲಗೆ ಎದ್ದು ನಿಂತಿತು. ಮುದುಕಿ ರೇಣುಕವ್ವ. ಕುಕ್ಕರಗಾಲಲ್ಲಿ ಕೂತು ತೆನೆ ಹೊರಳಿಸುತ್ತಿದ್ದಳು.

ಆಕೆ ಹೆದರಲಿಲ್ಲ. ಗಾಡಿಯ ಮೂತಿಯ ಮೇಲೆ ಕೈ ಊರಿ, "ಯಪ್ಪಾ, ನಿಂದ್ರಸಬ್ಯಾಡ್ರಿ, ಈ ಕಡೆ ಇನ್ನ ಕಾಳು ಬಿಟ್ಟಿಲ್ಲ. ಒಂದ ಸಲ ಹಿಂದಕ್ಕ ಹೋಗಿ ಮತ್ತ ಬರ್ರಿ" ಎಂದಳು.

ಶಂಭುಲಿಂಗಪ್ಪನವರು ಕೀಲಿ ತಿರುಗಿಸಿ ಗಾಡಿ ಆರಿಸಿದರು. ಅವರು ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಇಳಿದು, ಗಾಡಿಯನ್ನು ಅಲ್ಲೇ ಬದಿಗೆ ಬಿಟ್ಟು, ಹೆಂಡತಿಯೊಡನೆ ನಡೆದು ಮನೆಗೆ ಬಂದರು. ಮರುದಿನ ಬೆಳಗ್ಗೆ ಹೋಗಿ ಅದನ್ನು ತಂದು ದನ ಕಟ್ಟುವ ಹಕ್ಕಿಯಲ್ಲಿ ನಿಲ್ಲಿಸಿದರು.

ಅದೇ ವಾರ ಅಣ್ಣಿಗೇರಿಯ ವಿಮಾ ಏಜೆಂಟ ಅಬ್ದುಲಮಜೀದ ಸೈಕಲ್ ಮೇಲೆ ಬಂದ. ಕಾರಿನ ಪಾಲಿಸಿ ಮುಗಿಯುತ್ತ ಬಂದಿತ್ತು.

"ಹೋದ ವರ್ಷದ್ದ ಬರೀಲೇನ್ರಿ ಕಾಕಾರ?"

"ಬ್ಯಾಡಪಾ. ಈ ಸಲ ಎಲ್ಲಾದ್ರಕಿಂತ ದೊಡ್ಡದು ಯಾವುದೈತಿ, ಅದನ್ನ ಬರಿ."

ಗುರವ್ವ ಒಳಗಿನಿಂದ ಹುರಿದ ಶೇಂಗಾದ ತಾಟು ತಂದಿಟ್ಟಳು. "ದೊಡ್ಡದು ಬರಸಿದ್ರ ಕಣ್ಣು ಕಾಣ್ತಾವೇನು, ಅದನ್ನ ಕೇಳ್ರಿ ಮೊದಲ."

"ನೀ ಸುಮ್ಕಿರು."

ಮಜೀದ ನಗುತ್ತ ತಾಟಿನಿಂದ ಮೂರು ಶೇಂಗಾ ಆರಿಸಿ ಚಾಪೆಯ ಮೇಲಿಟ್ಟ. "ಇದು ಗಾಡಿ ಹೊರಗಿನ ಮಂದೀದು. ಇದಿಲ್ಲದ ಗಾಡಿ ರಸ್ತಾಕ್ಕ ಇಳಸೂವಂಗಿಲ್ಲ, ಕಾನೂನ. ಇದು ನಿಮ್ಮ ಗಾಡೀದು. ಬಡದರ, ಸುಟ್ಟರ, ಕಳುವಾದರ ಕೊಡ್ತಾರು. ಮತ್ತ ಇದು ಒಳಗ ಕುಂತವರದು, ಸೀಟಿನ ಲೆಕ್ಕಾ, ಬ್ಯಾರೇನ ಬರಸಬೇಕು."

"ದೊಡ್ಡದ್ರಾಗ ಒಳಗ ಕುಂತವರು ಬರಂಗಿಲ್ಲೇನು?"

"ಇಲ್ರಿ."

ಇಷ್ಟು ವರ್ಷ ಕೈ ಎತ್ತಿದವರನ್ನೆಲ್ಲ ಕೂರಿಸಿಕೊಂಡು ತಿರುಗಿದ್ದು ಶಂಭುಲಿಂಗಪ್ಪನವರಿಗೆ ನೆನಪಾಯಿತು. ಬಸುರಿಯರು, ಮುದುಕರು, ಯಾರ ಮೈಮೇಲೂ ಯಾವ ಆಸರೆಯೂ ಇರಲಿಲ್ಲ. ಅವರು ಮೊದಲನೆಯ ಶೇಂಗಾ ಎತ್ತಿಕೊಂಡರು. "ಹೊರಗಿನವರಂದ್ರ ಯಾರು? ಅವರ ಹೆಸರು ಕೊಡಬೇಕೇನು?"

"ಯಾರಿಗೆ ಬಡೀತೈತಂತ ಮೊದಲ ಗೊತ್ತಿರ್ತೈತೇನ್ರಿ? ಒಂದನೇದಾವ್ರು ನೀವು, ಎರಡನೇದು ಕಂಪನಿ. ಮೂರನೇದಾವ್ರು ಯಾರರ ಆಗಬಹುದು."

"ನಮ್ಮ ರೇಣುಕವ್ವ?"

"ಆಕೀನೂ."

"ಹುಬ್ಬಳ್ಳ್ಯಾಗ ನನಗ ಗುರತ ಇಲ್ಲದಾಂವ?"

"ಅಂವನೂ. ನಿಮ್ಮ ಮ್ಯಾಲೆ ದಾವೆ ಹಾಕಿದಾಂವ ಬಂದು ಎದುರಿಗೆ ನಿಂತ್ರೂ ನಡೀತೈತ್ರಿ. ಬೇಕಂತ ಹಾಯಸಬಾರದು, ಅಷ್ಟ."

ಗುರವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಶಂಭುಲಿಂಗಪ್ಪನವರು ನಗಲಿಲ್ಲ. "ಆ ರೊಕ್ಕಾ ಎಲ್ಲಿಂದ ಬರ್ತೈತಿ?"

"ಗಾಡಿ ಇದ್ದವರೆಲ್ಲಾ ಹಾಕಿದ್ದರಿ. ಪಂಜಾಬದ ಲಾರಿಯಂವ, ಮುಂಬೈ ಟ್ಯಾಕ್ಸಿಯಂವ, ನೀವು."

ಅವರು ಕೈಯಲ್ಲಿದ್ದ ಶೇಂಗಾವನ್ನು ತಿರುಗಿಸಿ ನೋಡಿದರು. ಶಾಲೆಯ ಮುಖ ಕಂಡವರಲ್ಲ, ಆದರೆ ಹೊಲ ಹಂಚಿಕೆ, ಬೇಲಿ ಜಗಳ, ಪಂಚಾಯ್ತಿ ಎಲ್ಲ ಕಂಡವರು. ಒಬ್ಬರಿಗೊಬ್ಬರು ಹೆಸರು ಗೊತ್ತಿಲ್ಲದ ಇಷ್ಟು ಮಂದಿ ಸೇರಿ, ಹೆಸರು ಗೊತ್ತಿಲ್ಲದ ಇನ್ನೊಬ್ಬನಿಗಾಗಿ ಮೊದಲೇ ಕಟ್ಟಿಡುವುದನ್ನು ಮಾತ್ರ ಅವರು ಎಲ್ಲೂ ಕಂಡಿರಲಿಲ್ಲ.

"ಹಂಗಾದ್ರ ಹೊರಗಿನವರದು ಬರಿ, ಒಳಗಿನವರದೂ ಬರಿ. ಗಾಡೀದು ಬಿಡು. ಮುದಿಗಾಡಿ, ಹೋದ್ರ ಹೋಗ್ಲಿ."

ಮಜೀದ ಪೆನ್ನಿನ ಟೊಪ್ಪಿಗೆ ತೆಗೆದ. ಹೆಸರು, ವಯಸ್ಸು ಬರೆದ. ಆಮೇಲೆ ತಲೆ ಎತ್ತದೆ, "ನಡಸಾವ್ರ ಕಣ್ಣು, ಕಿವಿ ನೆಟ್ಟಗದಾವೇನು ಅಂತ ಕೇಳ್ಯಾರ. ಅದಾವಂತ ಬರೀತೀನಿ" ಎಂದ.

"ಬರೀಬ್ಯಾಡ."

ಮಜೀದ ಪೆನ್ನು ಎತ್ತಿ ಹಿಡಿದ. "ಕಾಕಾರ, ಎಲ್ಲಾರೂ ಹಂಗ ಬರಸ್ತಾರು. ಖರೇ ಬರದ್ರ ಕಣ್ಣಿನ ಡಾಕ್ಟರ ಚೀಟಿ ಕೇಳ್ತಾರು. ಡಾಕ್ಟರ ಬ್ಯಾಡಂದ್ರ ಗಾಡಿ ಮನ್ಯಾಗ."

"ಸುಳ್ಳು ಬರದು, ನಾಳೆ ರೇಣುಕವ್ವಗ ಬಡದ್ರ?"

ಮಜೀದ ಪೆನ್ನನ್ನು ಕೆಳಗಿಟ್ಟ. "ಸುಳ್ಳು ಅಂತ ತಿಳದ್ರ ಕಂಪನಿ ಕೈ ಝಾಡಸಬಹುದ್ರಿ. ಆಕಿಗೆ ಏನೂ ಸಿಗಲಾರದಂಗ ಆಗಬಹುದು."

ಗುರವ್ವ ಈಗ ಗಂಡನ ಮುಖವನ್ನೇ ನೋಡುತ್ತಿದ್ದಳು. ಗಾಡಿ ನಿಂತರೆ ಇವರು ಏನಾಗುತ್ತಾರೆಂದು ಆಕೆಗೆ ಗೊತ್ತಿತ್ತು. ದಿನವೂ ಊಟಕ್ಕಿಂತ ಮೊದಲು ಅದನ್ನು ಒರೆಸುತ್ತಿದ್ದವರು.

"ಸಂಜೀಮುಂದ ಕಾಣಂಗಿಲ್ಲಂತ ಬರಿ" ಎಂದರು ಶಂಭುಲಿಂಗಪ್ಪನವರು. "ನಾಳೆ ಹುಬ್ಬಳ್ಳಿಗೆ ಬಸ್ಸಿನ್ಯಾಗ ಹೋಗ್ತೀನಿ. ಡಾಕ್ಟರು ಹ್ಞೂಂ ಅಂದ್ರ ಚೀಟಿ ತಂದು ಕೊಡ್ತೀನಿ. ಬ್ಯಾಡಂದ್ರ ಬ್ಯಾಡ." ಕಾರಿನ ಕೀಲಿಯನ್ನು ಅಂಗಿಯ ಕಿಸೆಯಿಂದ ತೆಗೆದು ಹೆಂಡತಿಯ ಮುಂದೆ ಇಟ್ಟರು. ಆಕೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಸಂಜೆ ಮನೆಯಲ್ಲಿ ಕೂರಲಾಗದೆ ಅವರು ರಸ್ತೆಗೆ ನಡೆದು ಹೋದರು. ರೇಣುಕವ್ವ ಅವರನ್ನು ನೋಡಿದವಳೇ, "ಗಾಡಿ ಎಲ್ಲಿ ಬಿಟ್ಟ್ರಿ ಯಪ್ಪಾ? ಬರೇ ಕಾಲಿಲೆ ತುಳದ್ರ ಕಾಳು ಬಿಡತಾವೇನು?" ಎಂದಳು.

"ಬಾಜೂಕ ಕುಂದ್ರಬೇ ಮೊದಲ. ಆಮ್ಯಾಲೆ ಮಾತಾಡು."

ಆಕೆ ಗೊಣಗುತ್ತ ಸರಿದಳು. ಅವರೂ ಆಕೆಯ ಹತ್ತಿರ ಮಣ್ಣಿನ ಮೇಲೆ ಕೂತರು. ಇಷ್ಟು ಕೆಳಗಿನಿಂದ ಅವರು ಆ ರಸ್ತೆಯನ್ನು ಎಂದೂ ನೋಡಿರಲಿಲ್ಲ.

ಗದಗಿನ ಕಡೆಯಿಂದ ಒಂದು ಲಾರಿ ಬಂತು. ಮೊದಲು ಸದ್ದು, ಆಮೇಲೆ ನೆಲದ ನಡುಕ, ಆಮೇಲೆ ಗುಡ್ಡದಂಥ ಮುಂಭಾಗ. ಅದರ ಹಣೆಯ ಮೇಲೆ ಯಾವುದೋ ದೂರದ ನಾಡಿನ ಅಕ್ಷರಗಳಿದ್ದವು. ತೆನೆಗಳು ಚಟಚಟ ಸಿಡಿದವು, ಕಾಳು ಅವರ ಮೊಣಕಾಲಿಗೆ ಬಂದು ಬಿದ್ದವು. ಚಾಲಕ ಇತ್ತ ನೋಡಲೂ ಇಲ್ಲ. ಆದರೆ ಅವನ ಗಾಡಿಯ ಕಾಗದದಲ್ಲಿ, ಅವನಿಗೇ ಗೊತ್ತಿಲ್ಲದ ಹಾಗೆ, ಶಲವಡಿಯ ಇಬ್ಬರು ಮುದುಕರಿಗೂ ಜಾಗವಿತ್ತು.

ಲಾರಿ ಕಣ್ಣಿಗೆ ಮಬ್ಬಾಗಿ, ಆಮೇಲೆ ಬರೀ ಸದ್ದಾಗಿ ಹೋಗುವ ತನಕ ಶಂಭುಲಿಂಗಪ್ಪನವರು ಅದರತ್ತ ಕೈ ಮುಗಿದುಕೊಂಡೇ ಕೂತಿದ್ದರು.

"ಲಾರಿಗ್ಯಾಕ ಕೈ ಮುಗೀತೀರಿ?" ಎಂದಳು ರೇಣುಕವ್ವ.

"ಸುಮ್ನ" ಎಂದು ಅವರು ಮೊಣಕಾಲ ಮೇಲಿನ ಕಾಳುಗಳನ್ನು ಒಂದೊಂದಾಗಿ ತಡಕಿ ಹೆಕ್ಕಿ ಆಕೆಯ ಮೊರದಲ್ಲಿ ಹಾಕಿದರು.