ಓಫಿರಳ ಹಲಗೆಯ ಹಕ್ಕಿ

ಓಫಿರಳ ಬಾಳೆಹಣ್ಣಿಗೆ ಬರುವ ಹಕ್ಕಿ ನನ್ನ ಬಾಳೆಹಣ್ಣಿಗೆ ಯಾಕೆ ಬರಬಾರದು? ಇಬ್ಬರೂ ಹಣ್ಣು ತರುವುದು ಒಂದೇ ಅಂಗಡಿಯಿಂದ. ಎರಡು ಮನೆಗಳ ನಡುವೆ ಇರುವುದು ಒಂದು ಬೇಲಿ, ಬೇಲಿಯ ಈಚೆ ನನ್ನ ಮುದಿ ಓಕ್ ಮರ. ಆದರೂ ಬೆಳಗಾದರೆ ಆ ಏಳುಬಣ್ಣದ ಹಕ್ಕಿ ತನ್ನ ಹಳದಿ ತಲೆ, ಹಸಿರು ಬೆನ್ನು, ನೀಲಿ ಎದೆ ಹೊತ್ತುಕೊಂಡು ಓಫಿರ್ ಹಣ್ಣಿಡುವ ಹಲಗೆಯ ಮೇಲೇ ಇಳಿಯುತ್ತಿತ್ತು. ನನ್ನ ಹಲಗೆಯತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅದನ್ನು ನೋಡಲು ಕೆಳಗಿನ ಕಾಲಿ ಎಂಬ ಪಟ್ಟಣದಿಂದ ಕ್ಯಾಮೆರಾ ಹೊತ್ತವರು ಮಂಜಿನಲ್ಲಿ ಗುಡ್ಡ ಹತ್ತಿ ಬಂದು, ಅವಳ ಜಗಲಿಯಲ್ಲಿ ಕೂತು ಬಿಸಿ ಬೆಲ್ಲದ ನೀರು ಕುಡಿಯುತ್ತಿದ್ದರು. ನನ್ನ ಪಾಲಿಗೆ ಬೂದು ಗುಬ್ಬಿಗಳು, ಒಂದು ಕಳ್ಳ ಅಳಿಲು. ಹೊಟ್ಟೆ ಉರಿಯದೆ ಇರುತ್ತದೆಯೇ? ಉರಿಯಿತು.

ಪಪ್ಪಾಯಿ ಇಟ್ಟು ನೋಡಿದೆ. ಹಲಗೆಗೆ ಬಣ್ಣ ಬಳಿದೆ. ಗಂಡ ಅಲೀರಿಯೊಗೆ ನಗು.

"ನೀನೇ ಹೋಗಿ ಆ ಹಲಗೆ ಮೇಲೆ ಕೂತ್ಕೊಳ್ಳೆ, ಜನ ನೋಡೋಕೆ ಬರ್ತಾರೆ."

"ಬಾಯ್ಮುಚ್ಕೊಂಡು ಹಣ್ಣು ಹೆಚ್ಚಿ," ಅಂದೆ.

ಡಿಸೆಂಬರ್ ಬಂತು. ಕ್ರಿಸ್‌ಮಸ್‌ಗೆ ಮುಂಚಿನ ಒಂಬತ್ತು ಸಂಜೆ ನೆರೆಯವರೆಲ್ಲ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಬಾಲಯೇಸುವಿಗಾಗಿ ಗುಡ್ಡ, ಗೊಂಬೆ ಇಟ್ಟು ಕಟ್ಟಿದ ಗೋದಲಿಯ ಮುಂದೆ ಪ್ರಾರ್ಥನೆಗೆ ಸೇರುತ್ತೇವೆ. ಹಕ್ಕಿಯಲ್ಲಿ ಸೋತವಳು ಗೋದಲಿಯಲ್ಲಾದರೂ ಗೆಲ್ಲಬೇಡವೇ? ಅದಕ್ಕೆ ಮರದ ಪಾಚಿ ಕೀಳಬೇಡಿ, ಕಾಗದ ಹಾಸಿ ಎಂದು ಪಾದ್ರಿಗಳು ಪ್ರತಿ ವರ್ಷ ಹೇಳುತ್ತಾರೆ. ಓಫಿರ್ ಪಾದ್ರಿಗಳು ಹೇಳಿದಂತೆ ಕೇಳುವವಳು, ಹಸಿರು ಕಾಗದ ಹಾಸಿದ್ದಳು. ನಾನು ನನ್ನ ಸರದಿಗೆ ಮೂರು ದಿನ ಮುಂಚೆ ಏಣಿ ಹಾಕಿ ಓಕ್ ಮರದ ಪಾಚಿಯನ್ನೆಲ್ಲ ದಪ್ಪ ದಪ್ಪ ಸುರುಳಿಯಾಗಿ ಸುಲಿದು ಬುಟ್ಟಿಗೆ ತುಂಬಿದೆ. ನನ್ನ ಮರ, ನನ್ನ ಪಾಚಿ. ಯಾರಪ್ಪನ ಗಂಟೇನು ಹೋಯಿತು?

ನನ್ನ ಸರದಿಯ ಸಂಜೆ ಚೀಸಿನ ಬುನ್ಯುವೆಲೊ ಕರಿದಿಟ್ಟೆ. ಪಾಚಿಯ ಬೆಟ್ಟ, ಕಣಿವೆ, ಅದರಲ್ಲಿ ಮಣ್ಣಿನ ಕುರಿಗಳನ್ನು ನೋಡಿ ಎಲ್ಲರೂ ಬಾಯ್ತುಂಬ ಹೊಗಳಿದರು. ಓಫಿರ್ ಮಾತ್ರ ಸಪ್ಪಗಿದ್ದಳು. ನನಗೆ ಹಾಲು ಕುಡಿದಷ್ಟು ಸಂತೋಷ.

"ಯಾಕೆ ದೋನ್ಯಾ ಓಫಿರ್, ಹಿಡಿಸ್ಲಿಲ್ವಾ?"

"ತುಂಬಾ ಚೆನ್ನಾಗಿದೆ ದೋನ್ಯಾ ಎದಿಲ್ಮಾ. ಮೂರು ದಿನದಿಂದ ಹಕ್ಕಿ ಬಂದಿಲ್ಲ, ಅದೇ ಯೋಚ್ನೆ."

"ಅಯ್ಯೋ, ಹೌದಾ?" ನಗು ತಡೆಯಲು ಒಂದು ಬುನ್ಯುವೆಲೊ ಬಾಯಿಗಿಟ್ಟುಕೊಂಡೆ.

ಅವಳು ಬಾಗಿ, ಕುರಿಗಳ ಹಿಂದಿನ ಗುಡ್ಡದ ಪಾಚಿಯನ್ನು ಬೆರಳಿನಿಂದ ಸರಿಸಿದಳು. ಒಳಗೆ ಬೇರಿನ ಎಳೆಗಳ ಪುಟ್ಟ ಗೂಡು. ಅದರಲ್ಲಿ ಎರಡು ಮೊಟ್ಟೆ. ಒಂದು ಒಡೆದಿತ್ತು. ಇನ್ನೊಂದನ್ನು ಮುಟ್ಟಿ ನೋಡಿ ಅವಳು ಕೈ ಹಿಂದೆಳೆದುಕೊಂಡಳು.

"ದಿನಾ ನಮ್ಮಲ್ಲಿ ತಿಂದು ನಿಮ್ಮ ಮರಕ್ಕೇ ವಾಪಸ್ ಹೋಗ್ತಿತ್ತು," ಅಂದಳು ಮೆಲ್ಲಗೆ. "ಬಂದವ್ರಿಗೆಲ್ಲಾ ಹೇಳ್ತಿದ್ದೆ, ಹಕ್ಕಿ ದೋನ್ಯಾ ಎದಿಲ್ಮಾ ಅವರ್ದು, ನಮ್ಮನೇಲಿ ಬರೀ ಊಟ ಅಂತ. ನಿಮಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ನಾನು ನೋಡುತ್ತಿದ್ದದ್ದು ಅವಳ ಹಲಗೆಯನ್ನು ಮಾತ್ರ.

ಜನವರಿ ಆರರ ಮೂವರು ರಾಜರ ಹಬ್ಬದವರೆಗೆ ಗೋದಲಿ ತೆಗೆಯುವಂತಿಲ್ಲ. ದಿನಾ ಅದರ ಮುಂದೆ ಕೂತು ಪ್ರಾರ್ಥನೆ ಹೇಳಿದೆ. ಈಗ ಓಫಿರಳ ಹಲಗೆಗೂ ಬರುವುದು ಬೂದು ಗುಬ್ಬಿಗಳೇ. ವರ್ಷವಿಡೀ ನಾನು ದೇವರಲ್ಲಿ ಬೇಡಿಕೊಂಡದ್ದು ಅದನ್ನೇ.