ಅಟ್ಟದವರು ಎದ್ದು ನಿಂತ ಭಾನುವಾರ

ದೋಣಿಯಲ್ಲಿ ನದಿ ದಾಟುವ ಊರಾದ ಟಾಲ್ಬಟ್ ಕಡವಿನ ಮೆಥಡಿಸ್ಟ್ ಚರ್ಚಿನಲ್ಲಿ ಕೆಜಾಯ ಏಳದೆ ಅಟ್ಟದಲ್ಲಿ ಯಾರೂ ಏಳುತ್ತಿರಲಿಲ್ಲ. ಯಾರೂ ಬರೆದಿಟ್ಟ ನಿಯಮವಲ್ಲ, ರೂಢಿ. ಕೆಳಗೆ ಬೆಂಚುಗಳಲ್ಲಿ ಬಿಳಿಯರು, ಮೇಲೆ ಮರದ ಅಟ್ಟದಲ್ಲಿ ನಮ್ಮವರು, ಕರಿಯರು. ಪಾದ್ರಿ ಕೀರ್ತನೆ ಎತ್ತಿಕೊಂಡರೆ ಅಟ್ಟದ ಮೂವತ್ತೆಂಟು ಜನರಲ್ಲಿ ಮಿಕ್ಕವರೆಲ್ಲ ಮುಂದಿನ ಸಾಲಿನ ಬಲತುದಿಯನ್ನು ನೋಡುತ್ತಿದ್ದರು. ಅಲ್ಲಿ ಗಂಜಿ ಹಾಕಿದ ಬಿಳಿ ತಲೆವಸ್ತ್ರ ಮೇಲೆದ್ದರೆ ಇಡೀ ಅಟ್ಟ ಎದ್ದು ನಿಲ್ಲುತ್ತಿತ್ತು. ಪಾದ್ರಿ ಹೇಳಿದರೂ ಅಷ್ಟು ಬೇಗ ಏಳುತ್ತಿರಲಿಲ್ಲ ಎಂದರೆ ಸುಳ್ಳಲ್ಲ.

ಕೆಜಾಯಳಿಗೆ ಐವತ್ತೈದು ದಾಟಿತ್ತು. ಊರಿನ ದೊಡ್ಡವರ ಬಟ್ಟೆ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಹದಿನೇಳು ವರ್ಷ ಬೆವರು ಸುರಿಸಿ, ಹಣ ಕೂಡಿಸಿ, ಗುಲಾಮಗಿರಿಯಿಂದ ತನ್ನನ್ನು ತಾನೇ ಬಿಡಿಸಿಕೊಂಡವಳು. ಬಿಡುಗಡೆಯ ಕಾಗದ ರವಿಕೆಯ ಒಳಗೆ ಹೊಲಿದಿಟ್ಟಿರುತ್ತಿದ್ದಳು, ಮಲಗುವಾಗಲೂ. ನದಿ ದಾಟಿದರೆ ಒಹಾಯೊ, ಗುಲಾಮರಿಲ್ಲದ ನಾಡು. ಅವಳು ಎಂದೋ ಹೋಗಬಹುದಿತ್ತು. ಹೋಗಲಿಲ್ಲ, ಏಕೆಂದರೆ ಮಗ ಅಬ್ನರ್ ಇನ್ನೂ ಕರ್ನಲ್ ಹೋಬಾರ್ಟನ ಸ್ವತ್ತು. ಅಬ್ನರ್ ಕರ್ನಲ್ಲನ ದೋಣಿ ನಡೆಸುತ್ತಿದ್ದ. ದಿನಕ್ಕೆ ಎಂಟು ಸಲ ಆ ದಡಕ್ಕೆ ಹೋಗಿ ಎಂಟು ಸಲ ತಿರುಗಿ ಬರುತ್ತಿದ್ದ. ಇವನು ಓಡಿಹೋಗುವುದಿಲ್ಲವೆ ಎಂದು ಯಾರಾದರೂ ಕೇಳಿದರೆ ಕರ್ನಲ್ ನಗುತ್ತಿದ್ದ. 'ತಾಯಿ ಈ ದಡದಲ್ಲಿದಾಳಲ್ಲ, ಅದಕ್ಕಿಂತ ಗಟ್ಟಿ ಹಗ್ಗ ಬೇಕಾ?' ಎನ್ನುತ್ತಿದ್ದ. ಮಗನಿಗಾಗಿ ತಾಯಿ, ತಾಯಿಗಾಗಿ ಮಗ. ಎರಡು ಎತ್ತನ್ನು ಒಂದಕ್ಕೊಂದು ಕಟ್ಟಿ ಬಿಟ್ಟರೆ ಗೂಟದ ಖರ್ಚು ಉಳಿಯುತ್ತದೆ ಎಂಬ ಲೆಕ್ಕಾಚಾರ ಆ ಮನುಷ್ಯನದು.

ಸಾವಿರದ ಎಂಟುನೂರ ನಲವತ್ತೈದರ ಎಲೆ ಉದುರುವ ಕಾಲ. ಹಿಂದಿನ ವರ್ಷ ದೊಡ್ಡ ಸಭೆಯಲ್ಲಿ ಜಗಳವಾಗಿ ಮೆಥಡಿಸ್ಟರ ಚರ್ಚು ಎರಡು ಹೋಳಾಗಿತ್ತು. ಬಿಷಪ್ಪನೊಬ್ಬ ಗುಲಾಮರನ್ನು ಇಟ್ಟುಕೊಳ್ಳಬಹುದೇ ಎಂಬುದು ತಕರಾರು. ಉತ್ತರದವರು ಕೂಡದು ಎಂದರು, ದಕ್ಷಿಣದವರು ಹಾಗಾದರೆ ನಮ್ಮ ಚರ್ಚು ನಮಗೆ ಎಂದು ಎದ್ದು ಹೋದರು. ದೇವರು ಒಬ್ಬನೇ, ಬೈಬಲ್ಲು ಒಂದೇ, ಬೀಗ ಮಾತ್ರ ಎರಡಾಯಿತು. ಬ್ಯಾಪ್ಟಿಸ್ಟರೂ ಅದೇ ದಾರಿ ಹಿಡಿದರು. ದೇವರ ಮನೆಯೇ ಒಡೆದ ಮೇಲೆ ದೇಶ ಎಷ್ಟು ದಿನ ಒಂದಾಗಿದ್ದೀತು ಎಂದು ಊರ ಕಟ್ಟೆಯಲ್ಲಿ ಕೂತವರೂ ಮಾತಾಡಿಕೊಳ್ಳುತ್ತಿದ್ದರು. ಗಡಿಯ ಊರುಗಳ ಚರ್ಚುಗಳು ಮಾತ್ರ ಯಾವ ಕಡೆ ಎಂದು ತಾವೇ ತೀರ್ಮಾನಿಸಬೇಕಾಗಿತ್ತು. ಸದಸ್ಯರು ಎದ್ದು ನಿಲ್ಲಬೇಕು, ಹೆಚ್ಚು ಜನ ಯಾವ ಕಡೆಗೋ ಚರ್ಚು ಆ ಕಡೆಗೆ. ಟಾಲ್ಬಟ್ ಕಡವಿನ ಸರದಿ ಅಕ್ಟೋಬರಿನ ಎರಡನೆಯ ಭಾನುವಾರ ಬಂತು.

ಶನಿವಾರ ಮಧ್ಯಾಹ್ನ ಕೆಜಾಯ ಹಿರಿಯ ಪಾದ್ರಿಯ ಕೊರಳುಪಟ್ಟಿಗಳಿಗೆ ಇಸ್ತ್ರಿ ಮಾಡುತ್ತಿದ್ದಾಗ ಕರ್ನಲ್ ಬಾಗಿಲಲ್ಲಿ ನಿಂತ. ಟೋಪಿ ತೆಗೆಯಲಿಲ್ಲ.

"ಕೆಜಾಯ, ನಾಳೆ ಅಟ್ಟ ಕೂತಿರ್ಬೇಕು."

"ನಾವು ಯಾವಾಗ್ಲೂ ಕೂತೇ ಇರ್ತೀವಲ್ಲ ದಣಿ, ಬೆಂಚಿಗೆ ಬೆನ್ನೊರಗೋ ಹಲಗೇನೂ ಇಲ್ದೆ," ಎಂದಳು ಕೆಜಾಯ, ಇಸ್ತ್ರಿಯಿಂದ ಕಣ್ಣೆತ್ತದೆ.

"ತಲೆಹರಟೆ ಬೇಡ. ನಿಮ್ಮ ಮತ ಲೆಕ್ಕಕ್ಕಿಲ್ಲ, ಅದು ನಂಗೂ ಗೊತ್ತು, ನಿಂಗೂ ಗೊತ್ತು. ಆದ್ರೆ ಸಿನ್ಸಿನಾಟಿಯಿಂದ ಪೇಪರಿನವನೊಬ್ಬ ಬರ್ತಿದಾನೆ. ನಮ್ಮ ಆಳುಗಳು ನಮ್ಮ ವಿರುದ್ಧ ಎದ್ದು ನಿಂತ್ರು ಅಂತ ಅವನು ಬರೆದ್ರೆ ನಾನು ಮುಖ ಎಲ್ಲಿಟ್ಕೊಳ್ಳಿ? ನೀನು ಎದ್ರೆ ಅವ್ರೆಲ್ಲ ಏಳ್ತಾರೆ. ನೀನು ಕೂತಿದ್ರೆ ಮುಗೀತು."

"ಎದ್ರೆ?"

"ಸೋಮವಾರದ ಹಬೆದೋಣಿ ನ್ಯಾಚೆಜ್‌ಗೆ ಹೋಗತ್ತೆ. ಅಲ್ಲಿ ಹತ್ತಿ ಹೊಲದವರು ಒಳ್ಳೇ ತೋಳಿಗೆ ಒಳ್ಳೇ ಬೆಲೆ ಕೊಡ್ತಾರೆ. ಅಬ್ನರ್ ತೋಳು ನೋಡಿದೀಯಲ್ಲ, ನೀನೇ ಹೆತ್ತಿದ್ದು."

ಅವನು ಹೋದ ಮೇಲೆ ಸುಟ್ಟ ವಾಸನೆ ಬಂತು. ಪಾದ್ರಿಯ ಕೊರಳುಪಟ್ಟಿಯ ಮೇಲೆ ಇಸ್ತ್ರಿಯ ಗುರುತು ಕಂದಾಗಿ ಕೂತಿತ್ತು. ಮೂವತ್ತು ವರ್ಷದಲ್ಲಿ ಅವಳು ಸುಟ್ಟ ಮೊದಲ ಬಟ್ಟೆ ಅದು. ಕೆಜಾಯ ಸ್ಟೂಲಿನ ಮೇಲೆ ಕುಸಿದು ಕೂತು ಅತ್ತಳು. ಹೆದರಿಕೆಯಿಂದಲೇ ಅತ್ತಳು, ಅದರಲ್ಲಿ ಮುಚ್ಚುಮರೆಯೇನಿಲ್ಲ. ನ್ಯಾಚೆಜ್‌ಗೆ ಹೋದವರು ಯಾರೂ ತಿರುಗಿ ಬಂದಿರಲಿಲ್ಲ. ಕಣ್ಣೊರೆಸಿಕೊಂಡು ಎದ್ದಾಗ ತೀರ್ಮಾನ ಮಾಡಿದ್ದಳು: ಕೂತಿರುತ್ತೇನೆ. ಮಾನ ಹೋದರೆ ಹೋಗಲಿ, ಮಗ ಉಳಿಯಲಿ. ಅಬ್ನರನಿಗೆ ಈ ಮಾತು ಹೇಳಲಿಲ್ಲ.

ಭಾನುವಾರ ಚರ್ಚು ಗಿಜಿಗುಡುತ್ತಿತ್ತು. ಆ ಕಟ್ಟಡದ ಇಟ್ಟಿಗೆ ಮಣ್ಣು ತುಳಿದವರು, ಸುಟ್ಟವರು, ಹೊತ್ತವರು ಅಟ್ಟದವರೇ. ಅದರ ಮಾತನ್ನು ಅಂದು ಯಾರೂ ಎತ್ತಲಿಲ್ಲ. ಹಿರಿಯ ಪಾದ್ರಿ ಕೆಲ್ಸೊ, ಕೊರಳುಪಟ್ಟಿಯ ಕಂದು ಗುರುತನ್ನು ಗಡ್ಡದಿಂದ ಮುಚ್ಚಿಕೊಂಡು, ನಿಯಮದ ಪುಸ್ತಕ ತೆರೆದ. ಅವನು ಕೆಟ್ಟವನಲ್ಲ. ಆದರೆ ಮೂವತ್ತು ವರ್ಷ ಒಂದೇ ಮಾತು ಓದಿ ಓದಿ ನಾಲಗೆ ತಾನಾಗಿ ಹೊರಳುತ್ತಿತ್ತು. 'ಬಿಳಿಯ ಸದಸ್ಯರು' ಎಂದು ಹೇಳುವುದನ್ನೇ ಮರೆತ.

"ಈ ಚರ್ಚಿನ ಪುಸ್ತಕದಲ್ಲಿ ಹೆಸರಿರೋ ಸದಸ್ಯರೆಲ್ಲ ಕೇಳಿಸ್ಕೊಳ್ಳಿ. ದಕ್ಷಿಣದ ಚರ್ಚಿಗೆ ಸೇರಬೇಕು ಅನ್ನೋರು ಎದ್ದು ನಿಲ್ಲಿ."

ಕರ್ನಲ್ ಮೊದಲು ಎದ್ದ. ಅವನ ಹಿಂದೆ ಬಟ್ಟೆ ಸರಪರ, ಬೂಟು ಟಕಟಕ. ಗುಮಾಸ್ತ ಎಣಿಸಿದ, ಅರವತ್ತನಾಲ್ಕು.

"ಹಳೇ ಚರ್ಚಿನಲ್ಲೇ ಉಳೀಬೇಕು ಅನ್ನೋರು ಎದ್ದು ನಿಲ್ಲಿ."

ಕೆಳಗೆ ನಲವತ್ತೊಂಬತ್ತು ಜನ ಎದ್ದರು. ಆಚೆ ದಡದಿಂದ ಬರುತ್ತಿದ್ದ ಹತ್ತು ಹನ್ನೆರಡು ಜನರೂ ಅವರಲ್ಲಿ ಸೇರಿದ್ದರು.

ಅಟ್ಟದಲ್ಲಿ ಮೂವತ್ತೇಳು ಜೋಡಿ ಕಣ್ಣು ಬಲತುದಿಗೆ ತಿರುಗಿದವು. ಬಿಳಿ ತಲೆವಸ್ತ್ರ ಅಲುಗಲಿಲ್ಲ. ಕೆಜಾಯ ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು ಕೆಳಗಿನ ಕಂಬವನ್ನೇ ನೋಡುತ್ತಿದ್ದಳು. ಹಿಂದಿನ ಸಾಲಿನ ಮುದುಕ ನೆಹೆಮಿಯ, ಎರಡೂ ಮೊಣಕಾಲು ಹೋದವನು, ಮೆಲ್ಲಗೆ ಕೆಮ್ಮಿದ. ಅವಳಿಗೆ ಕೇಳಿಸದೆ ಇರಲಿಲ್ಲ. ಬೆನ್ನಿನ ಮೇಲೆ ಕೆಂಡ ಸುರಿದಂತಾಯಿತು. ಕೆಳಗೆ ಕರ್ನಲ್ ತಲೆಯೆತ್ತಿ ಅಟ್ಟವನ್ನು ನೋಡಿದ, ಮೀಸೆಯಡಿಯಲ್ಲಿ ನಗು.

ಆಗ ಎಡತುದಿಯಲ್ಲಿ ಹಲಗೆ ಕಿರುಗುಟ್ಟಿತು. ಅಬ್ನರ್ ಎದ್ದು ನಿಂತಿದ್ದ.

ತಾಯಿಗಿಂತ ಮೊದಲು ಎದ್ದಿದ್ದ. ಅಟ್ಟದಲ್ಲಿ ಅಂಥದ್ದು ನಡೆದೇ ಇರಲಿಲ್ಲ. ಉದ್ದಕ್ಕೆ, ನೆಟ್ಟಗೆ, ದೋಣಿ ನಡೆಸುವವನ ಹೆಗಲು ಬಿಟ್ಟುಕೊಂಡು ನಿಂತು ಕರ್ನಲ್ಲನ ಕಣ್ಣನ್ನೇ ನೋಡುತ್ತಿದ್ದ. ಹೋಯಿತು, ಮಗ ಹೋದ ಎಂದುಕೊಂಡಳು ಕೆಜಾಯ. ಮರುಗಳಿಗೆಯಲ್ಲೇ ಆ ಭಯವನ್ನು ಅತ್ತ ನೂಕಿಕೊಂಡು ಇನ್ನೊಂದು ಎದ್ದು ಬಂತು. ಅದು ಹೆಮ್ಮೆ. ಇವನು ನಾನು ಹೆತ್ತವನು! ಕರ್ನಲ್ಲನ ಸ್ವತ್ತಂತೆ! ಯಾವ ಕಾಗದದಲ್ಲಿ ಬರೆದಿದ್ದರೇನು, ಇಂಥವನನ್ನು ಯಾರು ಕೊಂಡಾರು, ಯಾರು ಮಾರಿಯಾರು? ಮಂಡಿಯ ಮೇಲಿದ್ದ ಕೈ ತಾನಾಗಿ ಬೆಂಚಿಗೆ ಬಂತು. ಬಿಳಿ ತಲೆವಸ್ತ್ರ ಮೇಲೆದ್ದಿತು.

ಅದರ ಹಿಂದೆ ಇಡೀ ಅಟ್ಟ ಎದ್ದಿತು. ಧೂಳು ಕೆಳಗಿನವರ ಟೋಪಿಗಳ ಮೇಲೆ ಉದುರಿತು. ನೆಹೆಮಿಯನನ್ನು ಇಬ್ಬರು ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸಿದರು. "ಇನ್ನೂ ಸ್ವಲ್ಪ ಎತ್ರೋ, ಕಾಣ್ಬೇಕು ನಾನು," ಎಂದು ಮುದುಕ ಗದರಿದ. ಕರ್ನಲ್ಲನ ಅಡುಗೆಯ ಡೆಲ್ಫಿ ಒಬ್ಬಳು ಮಾತ್ರ ಮೂರು ಮಕ್ಕಳನ್ನು ಅಪ್ಪಿಕೊಂಡು ಕೂತೇ ಇದ್ದಳು. ಅವಳನ್ನು ಅಂದೂ ಆಮೇಲೂ ಯಾರೂ ಒಂದು ಮಾತು ಅನ್ನಲಿಲ್ಲ.

"ಅಟ್ಟ ಕೂತ್ಕೊಳ್ಳಿ!" ಕರ್ನಲ್ ಕೂಗಿದ. ಯಾರೂ ಕೂರಲಿಲ್ಲ.

ಕೆಲ್ಸೊ ಪಾದ್ರಿಯ ಮುಖ ಸುಣ್ಣವಾಗಿತ್ತು. "ಕೆಜಾಯ, ತಾಯಿ, ಇದು ನಿಮಗೆ ಸಂಬಂಧಪಟ್ಟಿದ್ದಲ್ಲ. ನಿಮ್ಮನ್ನ ಎಣಿಸೋ ಹಾಗಿಲ್ಲ."

"ಹೆಸರು ಪುಸ್ತಕದಲ್ಲಿರೋರೆಲ್ಲ ಅಂದ್ರಿ ಅಯ್ಯ. ನನ್ನ ಹೆಸರು ಅದೇ ಪುಸ್ತಕದಲ್ಲಿದೆ. ನೀವೇ ಬರ್ದಿದ್ದು."

"ಅದು ಬೇರೆ..."

"ಹೋದ ವರ್ಷ ಈ ಊರಿಗೇ ಅಂತ ಪಾದ್ರಿ ಬೇಕು ಅಂದಾಗ ನೂರೈವತ್ತೊಂದು ಜನ ಇದೀವಿ ಅಂತ ಬರ್ದು ಕಳ್ಸಿದ್ರಲ್ಲ? ಕೆಳಗೆ ಇರೋದು ನೂರ ಹದಿಮೂರು. ಮಿಕ್ಕ ಮೂವತ್ತೆಂಟು ತಲೆ ಯಾರದು ಅಯ್ಯ, ಹೊರಗೆ ಕಟ್ಟಿರೋ ಕುದುರೆಗಳದ್ದಾ?"

ಕೆಳಗೆ ಯಾರೋ ಕಿಸಕ್ಕನೆ ನಕ್ಕರು. ಸಿನ್ಸಿನಾಟಿಯ ಪೇಪರಿನವನು ಪೆನ್ಸಿಲ್ಲಿನ ತುದಿ ನಾಲಗೆಗೆ ತಾಗಿಸಿಕೊಂಡು ಬರೆಯತೊಡಗಿದ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಗಾದೆ. ನಮ್ಮವರದು ಅದಕ್ಕೂ ತಿರುಗುಮುರುಗು. ದೇಶದ ಕಾನೂನು ಸಭೆಗೆ ಪ್ರತಿನಿಧಿಗಳೆಷ್ಟು ಎಂದು ಗೊತ್ತುಮಾಡುವಾಗಲೂ ದಣಿಗಳು ನಮ್ಮ ಐದು ತಲೆಗೆ ಮೂರರಂತೆ ಸೇರಿಸಿಕೊಳ್ಳುತ್ತಿದ್ದರು. ಮತ ಹಾಕುವ ದಿನ ಮಾತ್ರ ನಾವು ಇಲ್ಲ. ಕೆಜಾಯ ಅಂದು ಕೇಳಿದ್ದನ್ನು ಇಡೀ ದೇಶ ಹದಿನಾರು ವರ್ಷ ಆದಮೇಲೆ ಅಂತರ್ಯುದ್ಧದಲ್ಲಿ ತೋಪು ಹಾರಿಸಿಕೊಂಡು ಕೇಳಿಕೊಂಡಿತು.

ಕೆಲ್ಸೊ ಪುಸ್ತಕ ಮುಚ್ಚಿದ. ತಗ್ಗಿದ ದನಿಯಲ್ಲಿ, ದಕ್ಷಿಣದ ಕಡೆಗೆ ಅರವತ್ತನಾಲ್ಕು, ಉತ್ತರಕ್ಕೆ ನಲವತ್ತೊಂಬತ್ತು, ಚರ್ಚು ದಕ್ಷಿಣಕ್ಕೆ ಹೋಯಿತು ಎಂದು ಸಾರಿದ. ಸಾರಿದ್ದೇ ತಡ, ಕೆಳಗೆ ಗಲಾಟೆ ಎದ್ದಿತು. ಎಂಬತ್ತಾರು ಜನ ನಿಂತಿದ್ದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ಕೀಲಿಕೈ ನಮ್ಮದು ಎಂದು ಒಬ್ಬ, ಬೈಬಲ್ಲು ನಮ್ಮಜ್ಜ ಕೊಟ್ಟಿದ್ದು ಎಂದು ಇನ್ನೊಬ್ಬ. ಕರ್ನಲ್ ವೇದಿಕೆ ಹತ್ತಿ ಬೈಬಲ್ಲನ್ನು ಎದೆಗವಚಿಕೊಂಡ. ಒಬ್ಬ ಗಿರಣಿಯವನು ಅದರ ಇನ್ನೊಂದು ತುದಿ ಹಿಡಿದು ಜಗ್ಗಿದ. ದೇವರ ವಾಕ್ಯಕ್ಕಾಗಿ ಅಷ್ಟು ಹಟದಿಂದ ಎಳೆದಾಡಿದವರನ್ನು ನಮ್ಮೂರು ಮತ್ತೆ ಕಂಡಿಲ್ಲ.

ಅಟ್ಟಕ್ಕೆ ಹೊರಗಿನಿಂದಲೇ ಬೇರೆ ಮೆಟ್ಟಿಲು. ನಮ್ಮವರು ಸಾಲಾಗಿ ಇಳಿದರು. ಕೊನೆಯ ಮೆಟ್ಟಿಲಲ್ಲಿ ನೆಹೆಮಿಯ ಕೆಜಾಯಳ ತೋಳು ಹಿಡಿದ.

"ಕರ್ನಲ್ ಇನ್ನೂ ಅರ್ಧ ಗಂಟೆ ಆ ಬೈಬಲ್ಲು ಬಿಡಲ್ಲ. ಈಗ್ಲೇ ಹೋಗು. ಮಗನ್ನ ಕರ್ಕೊಂಡು ಹೋಗು."

"ನಿಮ್ಮನ್ನೆಲ್ಲ ಬಿಟ್ಟಾ? ನಾಳೆ ನಿಮ್ಮ ಬೆನ್ನು ಸುಲೀತಾರೆ ನೆಹೆಮಿಯಣ್ಣ."

"ಹೊಡ್ತ ಹೊಸದಲ್ಲ ತಾಯಿ. ನಿಂತಿದ್ದು ಹೊಸದು. ಹೋಗು, ತಿರುಗಿ ನೋಡ್ಬೇಡ."

ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಆಚೆ ದಡದವರನ್ನು ಅಬ್ನರನೇ ದಾಟಿಸುತ್ತಿದ್ದ. ಅಂದೂ ಅವರು ಕೆಂಡಾಮಂಡಲವಾಗಿ ಮಾತಾಡುತ್ತ ದೋಣಿ ಹತ್ತಿದರು. ಕೆಜಾಯ ಮನೆಗೆ ಹೋಗಲಿಲ್ಲ. ಮೂರು ಇಸ್ತ್ರಿ, ಎರಡು ಹಂಡೆ, ಹಗ್ಗದ ಮೇಲೆ ಒಣಗುತ್ತಿದ್ದ ಕರ್ನಲ್ಲನ ಹೆಂಡತಿಯ ಲಂಗಗಳು, ಎಲ್ಲ ಇದ್ದಲ್ಲೇ ಬಿಟ್ಟು ನೇರ ಕಡವಿಗೆ ನಡೆದಳು. ಕಾವಲಿನ ಗ್ರಬ್ ಕಂಬಕ್ಕೊರಗಿ ಹೊಗೆಸೊಪ್ಪು ಜಗಿಯುತ್ತಿದ್ದ. ಚರ್ಚಿನ ಸುದ್ದಿ ಅವನಿಗಿನ್ನೂ ಮುಟ್ಟಿರಲಿಲ್ಲ.

"ಏನು ಕೆಜಾಯತ್ತೆ, ನೀನೂ ಹೊರಟೆ?"

ಅಬ್ನರನ ಕೈ ಹುಟ್ಟಿನ ಮೇಲೆ ನಿಂತಿತು.

"ಆ ಕಡೆ ಒಂದು ಮನೇಲಿ ಬಟ್ಟೆ ತರೋದಿದೆ," ಎಂದಳು ಕೆಜಾಯ.

"ಭಾನುವಾರ ಬಟ್ಟೆ ಮುಟ್ತೀಯಾ? ನರಕಕ್ಕೆ ಹೋಗ್ತೀಯ ನೋಡು."

"ಆ ದಾರೀಲಿ ಈಗಷ್ಟೇ ಅರವತ್ತನಾಲ್ಕು ಜನ ಹೊರಟಿದಾರೆ ಕಣಯ್ಯ, ಭಾರಿ ನೂಕುನುಗ್ಗಲು. ನಾನು ಆಮೇಲೆ ನಿಧಾನವಾಗಿ ಬರ್ತೀನಿ ಬಿಡು."

ಗ್ರಬ್‌ಗೆ ಏನೂ ತಿಳಿಯಲಿಲ್ಲ, ಆದರೂ ಹಲ್ಲು ಕಿರಿದು ಹಗ್ಗ ಬಿಚ್ಚಿದ. ದೋಣಿಯಲ್ಲಿದ್ದ ಬಿಳಿಯರು ಮಾತು ನಿಲ್ಲಿಸಿ ಅವಳನ್ನು ನೋಡಿದರು. ಒಬ್ಬ ಹೆಂಗಸು ಲಂಗ ಸರಿಸಿಕೊಂಡು ಜಾಗ ಬಿಟ್ಟಳು.

ಆ ವಾರ ಅಟ್ಟದವರಿಗೆ ಚಾವಟಿ ಬಿತ್ತು, ಅದನ್ನು ಮುಚ್ಚಿಟ್ಟು ಕಥೆ ಹೇಳುವುದಿಲ್ಲ. ನೆಹೆಮಿಯನನ್ನೂ ಬಿಡಲಿಲ್ಲ. ಮುಂದಿನ ಭಾನುವಾರ ಅವರು ಇಟ್ಟಿಗೆ ಗೂಡಿನ ಚಪ್ಪರದಡಿ ತಾವೇ ಸೇರಿದರು, ಕಾವಲಿಗೆ ಒಬ್ಬ ಬಿಳಿಯನನ್ನು ಕೂರಿಸಿದ್ದರೂ ಸೇರಿದರು. ಅಲ್ಲಿ ಮೇಲೆ ಕೆಳಗೆ ಎಂಬುದಿರಲಿಲ್ಲ. ಇಂದಿಗೂ ನಮ್ಮ ಚರ್ಚು ಅಲ್ಲಿಯೇ ಇದೆ.

ಆ ಭಾನುವಾರ ದೋಣಿ ನಡುನೀರು ದಾಟಿದ ಮೇಲೆ ಕೆಜಾಯ ಬಾಯಿ ಬಿಟ್ಟಳು. ಮಗನ ಮುಖ ನೋಡಲಾರದೆ ನೀರು ನೋಡುತ್ತಿದ್ದಳು.

"ಶನಿವಾರ ಆ ಮನುಷ್ಯ ಮನೆಗೆ ಬಂದಿದ್ದ. ಎದ್ರೆ ನಿನ್ನನ್ನ ಮಾರ್ತೀನಿ ಅಂದ. ಅದಕ್ಕೇ ಕೂತಿದ್ದೆ ಕಣೋ. ನಿನಗೋಸ್ಕರ ಕೂತಿದ್ದೆ."

"ಗೊತ್ತಿತ್ತು. ಶುಕ್ರವಾರವೇ ನಂಗೂ ಹೇಳಿದ್ದ."

"ಗೊತ್ತಿದ್ದೂ ಯಾಕೋ ಎದ್ದೆ? ನ್ಯಾಚೆಜ್ ಅಂದ್ರೇನು ಅಂತ ತಿಳೀದಾ ನಿಂಗೆ?"

ಅಬ್ನರ್ ಎರಡು ಸಲ ಹುಟ್ಟು ಹಾಕಿದ. ದೋಣಿಯ ಮೂತಿ ಒಹಾಯೊದ ಮರಳಿಗೆ ತಾಗಿ ಗರ್ ಎಂದಿತು.

"ನಾನೂ ಕೂರ್ಬೇಕು ಅಂತಲೇ ಬಂದಿದ್ದೆ ಅವ್ವ. ಹುಟ್ಟಿದಾಗಿಂದ ಎಲ್ರಿಗಿಂತ ಮೊದ್ಲು ನೀನು ಏಳೋದನ್ನೇ ನೋಡಿದೀನಿ. ಇವತ್ತು ನೀನು ತಲೆ ತಗ್ಗಿಸ್ಕೊಂಡು ಕೂತಿದ್ದೆ. ಅದನ್ನ ನೋಡಕ್ಕಾಗ್ಲಿಲ್ಲ."