ಬಿಲ್ಲೆಯಮ್ಮನ ಕತ್ತರಿ

"ಏಯ್ ಕಪ್ಪೆ, ತಲೆ ತಗ್ಗಿಸೋ. ಇಲ್ಲಾಂದ್ರೆ ಕಿತ್ತು ನಿನ್ನ ಕೈಗೇ ಕೊಡ್ತೀನಿ."

ಮಾತು ಮೂರನೇ ಮೆಟ್ಟಿಲಿನಿಂದ ಬಂತು. ಕಪ್ಪೆಯ ಗದ್ದ ಆಗಲೇ ಮೊಣಕಾಲಿಗೆ ತಾಗಿತ್ತು. ಬೆನ್ನಿಗೆ ಯಾರದೋ ಬೂಟು ಒತ್ತುತ್ತಿತ್ತು, ಕಿವಿಗೆ ಯಾರದೋ ಕ್ಯಾಮೆರಾ ಚೀಲದ ಪಟ್ಟಿ ಬಡಿಯುತ್ತಿತ್ತು.

"ಇನ್ನೂ ಸ್ವಲ್ಪ."

"ಇನ್ನೂ ತಗ್ಗಿಸಿದ್ರೆ ನೆಲದೊಳಗೆ ಹೋಗ್ತೀನಿ ಅಣ್ಣ."

"ಹೋಗು. ಅಲ್ಲಿದ್ರೆ ಯಾರ ಫ್ರೇಮಿಗೂ ಅಡ್ಡ ಬರಲ್ಲ."

ಮೆಟ್ಟಿಲುಗಳೆಲ್ಲ ನಕ್ಕವು. ಫ್ಯಾಷನ್ ಶೋ ನಡೆಯುವ ಆ ಸಭಾಂಗಣದಲ್ಲಿ ಹುಡುಗಿಯರು ನಡೆದು ಬರುವ ಉದ್ದನೆಯ ಬಿಳಿ ಹಾದಿಯ ತುದಿಗೆ, ಫೋಟೋದವರಿಗೆಂದು ಹಲಗೆಯ ಐದು ಮೆಟ್ಟಿಲು ಹಾಕಿದ್ದರು. ಮೆಟ್ಟಿಲ ಮೇಲೆ ಟೇಪು ಅಂಟಿಸಿ ಯಾವ ಜಾಗ ಯಾರದೆಂದು ಹೆಸರು ಬರೆದಿದ್ದರು. ನಡುವೆ ದೊಡ್ಡ ಪತ್ರಿಕೆಯವರು, ಪಕ್ಕಕ್ಕೆ ಸಣ್ಣ ಪತ್ರಿಕೆಯವರು, ಕಂಬದ ಹಿಂದೆ ಯಾರಿಗೂ ಬೇಡದವರು. ಒಬ್ಬನ ಟೇಪಿನ ಮೇಲೆ ಇನ್ನೊಬ್ಬನ ಹೆಬ್ಬೆರಳು ಬಿದ್ದರೂ ಸಾಕು, ಗಡಿಕಲ್ಲು ಸರಿಸಿದ ದಾಯಾದಿಗಳ ಹಾಗೆ ಬೋಳಿಮಗ, ಬಡ್ಡಿಮಗ ಅಂತ ಶುರು.

ಕಪ್ಪೆಗೆ ಟೇಪು ಇರಲಿಲ್ಲ. ಅವನು ಬಟ್ಟೆ ಕಂಪನಿಯದೇ ವಿಡಿಯೋದವನು. ಮನೆಯವನು ತಾನೆ, ಎಲ್ಲಾದರೂ ಕೂರುತ್ತಾನೆ ಅಂತ ಬಿಟ್ಟಿದ್ದರು. ಎಂಟು ವರ್ಷದಿಂದ ಎಲ್ಲರ ಕಾಲ ಕೆಳಗೆ, ನೆಲದಲ್ಲಿ ಬೋರಲು ಹಾಕಿದ ಪ್ಲಾಸ್ಟಿಕ್ ಕ್ರೇಟಿನ ಮೇಲೆ ಕುಕ್ಕರುಗಾಲಲ್ಲಿ ಕೂತೂ ಕೂತೂ ಅವನಿಗೆ ಆ ಹೆಸರು ಬಿದ್ದಿತ್ತು. ಮೂರನೇ ಮೆಟ್ಟಿಲ ನಡುವಿನ ಜಾಗವನ್ನು ಅವನು ಕನಸಿನಲ್ಲೂ ಕಂಡಿದ್ದ. ಕನಸಿನಲ್ಲೂ ಅಲ್ಲಿ ಬೇರೆ ಯಾರೋ ನಿಂತಿದ್ದರು.

ಒಂದೇ ಒಂದು ಸುಖವಿತ್ತು. ಮೊದಲ ಸಾಲಿನ ದೊಡ್ಡವರು ಕಾಲ ಮೇಲೆ ಕಾಲು ಹಾಕಿ ಕೂರುತ್ತಾರೆ, ಬೂಟಿನ ಮೂತಿಗಳು ಹಾದಿಗೆ ಚಾಚಿ ಚಿತ್ರ ಕೆಡಿಸುತ್ತವೆ. ದೀಪ ಬರುವ ಮುಂಚೆ ಐದು ಮೆಟ್ಟಿಲೂ ಒಟ್ಟಿಗೆ ಕೂಗುತ್ತವೆ: "ಕಾಲೂ...!" ಆಗ ಗಿರಣಿ ಮಾಲೀಕರು, ಮಂತ್ರಿಗಳ ಹೆಂಡಂದಿರು, ಯಾರ ಮಾತನ್ನೂ ಕೇಳದವರು, ಮೇಷ್ಟ್ರು ಗದರಿದ ಮಕ್ಕಳ ಹಾಗೆ ಕಾಲು ಇಳಿಸುತ್ತಾರೆ. ಬಡವ ಕೂಗಿದರೆ ಸಾಹುಕಾರ ಕಾಲು ಇಳಿಸುವ ಪದ್ಧತಿ ಜಗತ್ತಿನಲ್ಲಿ ಬೇರೆಲ್ಲೂ ಇದ್ದಂತಿಲ್ಲ. ಕಪ್ಪೆ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ.

ಇವತ್ತೂ ಕೂಗಿದ. ಸಾಲಿಗೆ ಸಾಲೇ ಕಾಲು ಇಳಿಸಿತು. ಒಂದು ಕಂದು ಬೂಟು ಮಾತ್ರ ಇಳಿಯಲಿಲ್ಲ.

"ಏಯ್ ಕಂದು ಬೂಟು, ಕಾಲು!"

ಪರದೆಯ ಹಿಂದಿನಿಂದ ಬಿಲ್ಲೆಯಮ್ಮ ಓಡಿ ಬಂದಳು. ಕಂಪನಿಯ ಪ್ರಚಾರ ನೋಡಿಕೊಳ್ಳುವವಳು. ಕೊರಳಲ್ಲಿ ಐದಾರು ಗುರುತಿನ ಬಿಲ್ಲೆ ನೇತಾಡುವುದರಿಂದ ಆಳುಗಳು ಇಟ್ಟ ಹೆಸರು. ಕಪ್ಪೆಯ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು: "ಕತ್ತೆ ನನ್ಮಗನೆ, ಅವರು ಧಣಿ. ಈ ಕಂಪನೀನೇ ಅವರದ್ದು. ಅವರ ಕಾಲು ಎಲ್ಲಿರುತ್ತೋ ಅಲ್ಲಿರುತ್ತೆ. ನಿನ್ನ ಫ್ರೇಮು ಸರಿಸ್ಕೋ."

ಬಗ್ಗಿದಾಗ ಬಿಲ್ಲೆಗಳ ನಡುವೆ ನೇತಾಡುತ್ತಿದ್ದ ಕತ್ತರಿ ಅವನ ಮೂಗಿಗೆ ತಾಗಿತು.

ಆ ಕತ್ತರಿಗೆ ಒಂದು ಕಥೆ ಇತ್ತು. ಹನ್ನೊಂದು ವರ್ಷದ ಹಿಂದೆ ಯಾವುದೋ ಉಡುಪಿನ ತೋಳು ಹರಿದಿತ್ತು. ಯಾರು ಹರಿದದ್ದು ಅಂತ ಕೇಳುವ ಗೋಜಿಗೆ ಹೋಗದೆ, ಹೊಲಿಗೆಯವರ ಕತ್ತರಿಗಳನ್ನೆಲ್ಲ ಬಾಗಿಲಲ್ಲೇ ಕಿತ್ತುಕೊಂಡರು. ಅಂದಿನಿಂದ ಇಪ್ಪತ್ತು ಜನ ಹೊಲಿಗೆಯವರಿಗೆ ಒಂದೇ ಕತ್ತರಿ, ಅದೂ ಬಿಲ್ಲೆಯಮ್ಮನ ಕೊರಳಲ್ಲಿ. ಬೇಕೆಂದಾಗ ಅವಳು ಇರುವುದಿಲ್ಲ, ಇದ್ದಾಗ ಕೊಡುವುದಿಲ್ಲ. ಹೊಲಿಗೆಯವರು ಹಲ್ಲಿನಿಂದ ದಾರ ಕಡಿಯುತ್ತಿದ್ದರು.

ಆ ಇಪ್ಪತ್ತು ಜನರಲ್ಲಿ ಕಪ್ಪೆಯ ಅಕ್ಕನೂ ಒಬ್ಬಳು. ಹನ್ನೊಂದು ವರ್ಷದಿಂದ ದಾರ ಕಡಿದು ಅವಳ ಮುಂದಿನ ಹಲ್ಲಿನಲ್ಲಿ ಕಚ್ಚು ಬಿದ್ದಿತ್ತು. "ದಾರ ಇಟ್ಕೊಳ್ಳೋಕೆ ದೇವರು ಕೊಟ್ಟ ಗೂಡು ಕಣೋ ತಮ್ಮ," ಅಂತ ನಗುತ್ತಿದ್ದಳು. ಅವನನ್ನು ಸಾಕಿ ಬೆಳೆಸಿದವಳು, ಈ ಕೆಲಸಕ್ಕೆ ಸೇರಿಸಿದವಳು ಅವಳೇ.

ದೀಪ ಬಂತು. ವಾದ್ಯ ಎದೆಗೆ ಗುದ್ದತೊಡಗಿತು. ಹಾದಿಯ ಹಿಂದಿನ ಗೋಡೆಯ ಮೇಲೆ ಆಳುದ್ದದ ಅಕ್ಷರ: ದುಡಿಮೆಗೆ ನಮನ.

ದುಡಿಯುವವರ ಬಟ್ಟೆಗಳು ಒಂದೊಂದಾಗಿ ಬಂದವು. ತೇಪೆ ಹಾಕಿದ ರೇಷ್ಮೆ ಬಂತು. ಎಣ್ಣೆ ಕಲೆಯನ್ನು ಮಣಿಯಲ್ಲಿ ಹೆಣೆದ ಮೇಲಂಗಿ ಬಂತು. ಬೆನ್ನಿನ ಬೆವರಿನ ಉಪ್ಪುಗೆರೆಯನ್ನು ಬೆಳ್ಳಿಯ ದಾರದಲ್ಲಿ ಕಸೂತಿ ಮಾಡಿದ ಅಂಗಿ ಬಂದಾಗ ಮೊದಲ ಸಾಲು ಅಯ್ಯೋ ಪಾಪ ಅನ್ನುವ ಹಾಗೆ ತಲೆದೂಗಿತು. ಆ ಉಪ್ಪುಗೆರೆ ಹೆಣೆಯಲು ಅಕ್ಕ ಹದಿನೇಳು ದಿನ ಕೂತಿದ್ದಳು. ಅವಳ ಬೆನ್ನ ಮೇಲೆ ಅಂಥದ್ದೇ ಗೆರೆ ಎರಡು ಗಂಟೆಯಲ್ಲಿ ಬರುತ್ತಿತ್ತು. ಕಪ್ಪೆ ಕಣ್ಣನ್ನು ಕ್ಯಾಮೆರಾಗೆ ಒತ್ತಿ ಎಲ್ಲವನ್ನೂ ಹಿಡಿದ. ಚೌಕಟ್ಟಿನ ಎಡ ಮೂಲೆಯಲ್ಲಿ ಕಂದು ಬೂಟು ತಾಳಕ್ಕೆ ತಕ್ಕ ಹಾಗೆ ಕುಣಿಯುತ್ತಿತ್ತು.

ಕೊನೆಯದು ಬಿಳಿಯ ಉದ್ದನೆಯ ಉಡುಪು. ಅದಕ್ಕೆ ಗುಂಡಿಯಿಲ್ಲ, ಜಿಪ್ಪಿಲ್ಲ; ಹುಡುಗಿಯ ಮೈಮೇಲೇ ಇಟ್ಟು ಬೆನ್ನಿನಿಂದ ಹಿಮ್ಮಡಿಯವರೆಗೆ ಹೊಲಿದು ಮುಚ್ಚಬೇಕು. ಹೊಲಿಗೆ ಕ್ಯಾಮೆರಾಗೆ ಕಾಣಬಾರದೆಂದು ಮೀನಿನ ಗಾಳದಂಥ ನೈಲಾನ್ ದಾರ. ಅದನ್ನು ಬಿಗಿ ಎಳೆಯಬೇಕಾದರೆ ತುದಿಯನ್ನು ಬೆರಳಿಗೆ ಎರಡು ಸುತ್ತು ಸುತ್ತಿಕೊಳ್ಳಬೇಕು. ಹಲ್ಲಿಗೆ ಅದು ಬೇಗ ಬಗ್ಗುವುದಿಲ್ಲ.

ಹುಡುಗಿ ಪರದೆ ದಾಟಿ ಬಂದಳು. ಅವಳ ಹಿಂದೆ, ಹಿಮ್ಮಡಿಯ ಹತ್ತಿರ, ಇನ್ನೇನೋ ಬಂತು.

ಅಕ್ಕ. ಮಂಡಿಯ ಮೇಲೆ. ಬಲಗೈ ಮುಂದೆ ಚಾಚಿ ಎಡಗೈ ನೆಲಕ್ಕೂರಿ ತೆವಳುತ್ತ ಬರುತ್ತಿದ್ದಳು. ಬೆರಳಿಗೆ ಸುತ್ತಿದ ದಾರ ಕಡಿಯುವುದರೊಳಗೆ ಹುಡುಗಿಯನ್ನು ಯಾರೋ ಹೊರಗೆ ನೂಕಿದ್ದರು. ದಾರ ಮೊಳದುದ್ದವೂ ಇರಲಿಲ್ಲ, ಏಳಲು ಬಿಡಲಿಲ್ಲ. ಜನಕ್ಕೆ ದಾರ ಕಾಣಲಿಲ್ಲ. ಅವರಿಗೆ ಕಂಡದ್ದು ಇಷ್ಟೇ: ಬಿಳಿ ಉಡುಪಿನ ಅಂಚಿಗೆ ಕೈಚಾಚಿ ತೆವಳುವ, ಹಳೇ ಏಪ್ರನ್ನಿನ ಹೆಂಗಸು.

ಮೊದಲು ಧಣಿ ಚಪ್ಪಾಳೆ ತಟ್ಟಿದ. ಆಮೇಲೆ ಎಲ್ಲರೂ.

ಕಪ್ಪೆ ಮಾತ್ರ ನೆಲದ ಮಟ್ಟದಲ್ಲಿದ್ದ. ದೀಪಕ್ಕೆ ಅಡ್ಡಲಾಗಿ ದಾರ ಮಿಂಚಿದ್ದು ಅವನೊಬ್ಬನಿಗೇ ಕಂಡಿತು. ಅದು ಬೆರಳಿಗೆ ಇಳಿದಿದ್ದೂ ಕಂಡಿತು. ಹಾದಿಯ ಬುಡಕ್ಕೆ ಅವನು ಇಟ್ಟಿದ್ದ ಮೈಕು ಇಯರ್‌ಫೋನಿನಲ್ಲಿ ಅವಳ ದನಿ ತಂದಿತು: "ನಿಲ್ಲವ್ವ. ಬೆರಳು ಹೋಗುತ್ತೆ. ನಿಲ್ಲು ತಾಯಿ." ಹುಡುಗಿ ನಿಲ್ಲಲಿಲ್ಲ. ಹಾದಿಯಲ್ಲಿ ಹೆಣ ಬಿದ್ದರೂ ನಿಲ್ಲಬಾರದು ಅಂತ ಅವಳಿಗೆ ಕಲಿಸಿದ್ದರು.

ಕಂದು ಬೂಟು ಬಂತು. ಅದು ಇಳಿಯಲಿಲ್ಲ. ಅಕ್ಕ ಅದರ ಕೆಳಗೆ ತಲೆ ತಗ್ಗಿಸಿ ಹಾದಳು.

ಮೆಟ್ಟಿಲುಗಳು ಪಟಪಟ ಸಿಡಿದವು. "ಅಮ್ಮಾ, ಈ ಕಡೆ! ಈ ಕಡೆ ನೋಡಮ್ಮ!" ಅಕ್ಕ ನೋಡಿದಳು. ಕಪ್ಪೆಯ ಕ್ಯಾಮೆರಾದ ಗಾಜಿನೊಳಕ್ಕೇ ನೋಡಿದಳು. ದಾರಕ್ಕೆ ಬಾಯಿ ಹಾಕಿ ಹಲ್ಲಿನ ಕಚ್ಚಿಗೆ ಸಿಕ್ಕಿಸಿ, ನಾಯಿ ಮೂಳೆ ಕಡಿದ ಹಾಗೆ ಕಡಿದಳು. ಸೂಜಿಯನ್ನು ಅಭ್ಯಾಸಬಲದಿಂದ ಏಪ್ರನ್ನಿಗೆ ಚುಚ್ಚಿಕೊಂಡಳು. ಎದ್ದು ನಿಂತು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಬಂದ ದಾರಿಯಲ್ಲೇ ನಡೆದು ಹೋದಳು. ಕಪ್ಪೆ ಅವಳ ಬೆನ್ನು ಪರದೆಯಲ್ಲಿ ಮರೆಯಾಗುವವರೆಗೂ ಹಿಡಿದ. ಫೋಕಸು ಒಂದು ಕೂದಲಷ್ಟೂ ತಪ್ಪಲಿಲ್ಲ.

*

ಪರದೆಯ ಹಿಂದಿನ ಕೋಣೆಯಲ್ಲಿ ಅಕ್ಕ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಬೆರಳನ್ನು ನೀರಿನ ಲೋಟದಲ್ಲಿ ಅದ್ದಿದ್ದಳು. ನೀರು ಗುಲಾಬಿಯಾಗಿತ್ತು. ಕಪ್ಪೆ ಕ್ಯಾಮೆರಾ ಹಿಡಿದೇ ಪಕ್ಕದಲ್ಲಿ ನಿಂತಿದ್ದ. ಔಷಧದ ಪೆಟ್ಟಿಗೆ ಇತ್ತು, ಅದರ ಮೇಲೆ 'ಮಾಡೆಲ್‌ಗಳಿಗೆ ಮಾತ್ರ' ಎಂಬ ಚೀಟಿಯೂ ಇತ್ತು. ಉದ್ದದ ಹುಡುಗಿ ಬಿಳಿ ಉಡುಪು ಬಿಚ್ಚಿಸಿಕೊಂಡು ಅಳುತ್ತಿದ್ದಳು. "ಅಕ್ಕ, ನಿಂತಿದ್ರೆ ನನ್ನ ತೆಗೆದು ಹಾಕ್ತಿದ್ರು."

"ಗೊತ್ತು ಕಣೆ. ಮೂಗು ಒರೆಸ್ಕೋ, ಬಟ್ಟೆ ಮೇಲೆ ಬೀಳುತ್ತೆ."

ಬಾಗಿಲು ತಳ್ಳಿಕೊಂಡು ಬಂದವನು ದೊಡ್ಡಸೂಜಿ. ಈ ಬಟ್ಟೆಗಳನ್ನೆಲ್ಲ 'ಸೃಷ್ಟಿಸಿದವನು.' ಅವನು ಸೂಜಿಗೆ ದಾರ ಪೋಣಿಸಿದ್ದನ್ನು ಹುಟ್ಟಿದವರು ಯಾರೂ ನೋಡಿಲ್ಲ, ಅದಕ್ಕೇ ಆ ಹೆಸರು. ಹಿಂದೆ ಬಿಲ್ಲೆಯಮ್ಮ, ಕೈಯಲ್ಲಿ ಕಾಗದ ಮತ್ತು ಒಂದು ಸುರುಳಿ ಟೇಪು. ಅವರ ಹಿಂದೆ ಹಳೇ ಫೋಟೋದವನು ಏಣಿ ಮಾವ, ಕರೆಯದಿದ್ದರೂ ಬಂದಿದ್ದ.

"ಅದ್ಭುತ," ಅಂದ ದೊಡ್ಡಸೂಜಿ, ಅಕ್ಕನ ಮುಂದೆ ಬಗ್ಗಿ. "ನಾನು ಆರು ತಿಂಗಳಿಂದ ಹುಡುಕ್ತಿದ್ದಿದ್ದು ಅದನ್ನೇ. ದುಡಿಮೆ ಅಂದ್ರೆ ಏನು ಅಂತ ನೀನು ಒಂದು ನಿಮಿಷದಲ್ಲಿ ಹೇಳ್ಬಿಟ್ಟೆ. ಧಣಿಗಳ ಕಣ್ಣಲ್ಲಿ ನೀರು."

"ನಗ್ತಾ ಇದ್ರು," ಅಂದಳು ಅಕ್ಕ.

"ಎರಡೂ. ನೋಡು, ಇನ್ನರ್ಧ ಗಂಟೆಗೆ ಎರಡನೇ ಆಟ. ಆಮೇಲೆ ಬೇರೆ ನಾಲ್ಕು ಊರಲ್ಲಿ. ಎಲ್ಲಾ ಕಡೆ ನೀನು ಹಾಗೇ ಬರ್ಬೇಕು. ಇನ್ಮೇಲೆ ನೀನು ಹೊಲಿಗೆಯವಳಲ್ಲ, ಕಲಾವಿದೆ."

"ಮತ್ತೆ ಹೊಲಿಯೋರು ಯಾರು?"

"ಅದೂ ನೀನೇ."

ಬಿಲ್ಲೆಯಮ್ಮ ಕಪ್ಪೆಯ ಕಡೆ ತಿರುಗಿದಳು. ಇದು ಮೊದಲೇ ಕಲಿತು ಮಾಡಿದ ಆಟ ಅಂತ ಅಕ್ಕ ತಮ್ಮ ಇಬ್ಬರೂ ಸಹಿ ಹಾಕಬೇಕು. ಚಿತ್ರ, ದನಿ ಎಲ್ಲ ತುಂಬಿದ್ದ ಅವನ ಕ್ಯಾಮೆರಾದ ಮೆಮೊರಿ ಚಿಪ್ಪು ಈಗಲೇ ಕೊಡಬೇಕು. ಉಳಿದವರದೆಲ್ಲ ದೂರದ ಚಿತ್ರ, ದನಿ ಇದ್ದದ್ದು ಇವನದರಲ್ಲಿ ಮಾತ್ರ. ಆ ದನಿ ತೆಗೆದು ಕೊಳಲು ಹಾಕುತ್ತಾರಂತೆ.

"ಸುಮ್ನೆ ಅಲ್ಲ," ಅಂತ ಅವಳು ಟೇಪು ಬಿಚ್ಚಿ ತೋರಿಸಿದಳು. ಅಚ್ಚಾದ ಅಕ್ಷರದಲ್ಲಿ ಅವನ ನಿಜವಾದ ಹೆಸರು. ಎಂಟು ವರ್ಷದಲ್ಲಿ ಮೊದಲ ಸಲ. "ಮೂರನೇ ಮೆಟ್ಟಿಲು, ನಡುವೆ. ಇವತ್ತಿಂದಾನೇ."

"ಗಾಳಿ ಬಂದಾಗ ತೂರ್ಕೋ ಅಳಿಯ," ಅಂದ ಏಣಿ ಮಾವ. "ನನಗೆ ಆ ಜಾಗ ಸಿಗೋಕೆ ಇಪ್ಪತ್ತೆರಡು ವರ್ಷ ಬೇಕಾಯ್ತು. ಸಿಕ್ಕಿದ ಮೇಲೆ ಮಂಡಿ ಹೋಯ್ತು."

ಕಪ್ಪೆ ಟೇಪು ಕೈಗೆ ತಗೊಂಡ. "ಅಕ್ಕ ಹೇಗೆ ಹೇಳ್ತಾಳೋ ಹಾಗೆ," ಅಂದ. ಅಂದ ಮೇಲೆ ತನಗೇ ನಾಚಿಕೆಯಾಯಿತು.

"ಅಮ್ಮಾರೆ," ಅಂತ ಅಕ್ಕ ಬಿಲ್ಲೆಯಮ್ಮನನ್ನು ಕೇಳಿದಳು, "ಇನ್ಮೇಲೆ ಕತ್ತರಿ ಕೊಡ್ತೀರಾ?"

ಬಿಲ್ಲೆಯಮ್ಮ ನಕ್ಕಳು. "ಕತ್ತರಿ ಕೊಟ್ರೆ ದಾರ ಕತ್ತರಿಸಿಬಿಡ್ತೀಯಲ್ಲೇ. ಆಮೇಲೆ ಜನ ನೋಡೋದೇನು?"

"ಅದೂ ಸರಿ," ಅಂದಳು ಅಕ್ಕ. ತಮ್ಮನಿಗೆ ಕೈ ಚಾಚಿದಳು. "ಎಲ್ಲಿ, ತೋರಿಸು."

ಕಪ್ಪೆ ಕ್ಯಾಮೆರಾದ ಪುಟ್ಟ ಪರದೆಯನ್ನು ಅವಳ ಕಡೆ ತಿರುಗಿಸಿದ. ಅವಳು ಪೂರ್ತಿ ನೋಡಿದಳು. ನಿಲ್ಲವ್ವ, ಬೆರಳು ಹೋಗುತ್ತೆ ಅನ್ನುವ ದನಿ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. ಉದ್ದದ ಹುಡುಗಿ ಕಿವಿ ಮುಚ್ಚಿಕೊಂಡಳು.

"ಸೊಂಟದ ಹತ್ರ ಬಟ್ಟೆ ಸುಕ್ಕಾಗಿದೆ," ಅಂದಳು ಅಕ್ಕ. ಆಮೇಲೆ, "ನೀನು ಅಲ್ಲೇ ಇದ್ದೆ."

"ಹ್ಞೂ."

"ಚಿತ್ರ ಒಂಚೂರೂ ಅಲ್ಲಾಡಿಲ್ಲ."

"ಇಲ್ಲ."

"ಕೆಲಸ ಚೆನ್ನಾಗಿ ಕಲ್ತಿದ್ದೀಯ ಕಣೋ."

ಕೆನ್ನೆಗೆ ಬಾರಿಸಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಕಪ್ಪೆ ನೆಲದಲ್ಲಿ ಕುಕ್ಕರಿಸಿದ. ಅವಳ ಕೈಯನ್ನು ಲೋಟದಿಂದ ತೆಗೆದು ತನ್ನ ಅಂಗಿಯ ಚುಂಗಿನಿಂದ ಒರೆಸಿ, ಟೇಪು ಹರಿದು ಬೆರಳಿಗೆ ಸುತ್ತಿದ. ಒಂದು ಸುತ್ತು, ಎರಡು ಸುತ್ತು. ಅವನ ಹೆಸರಿನ ಮೊದಲಕ್ಷರ ಉಗುರಿನ ಮೇಲೆ ಬಂತು, ಉಳಿದದ್ದು ರಕ್ತದಲ್ಲಿ ನೆನೆಯಿತು.

"ಏನೋ ಮಾಡ್ತಿದ್ದೀಯ ಹಲ್ಕಾ," ಅಂದಳು ಬಿಲ್ಲೆಯಮ್ಮ. "ಅದು ನಿನ್ನ ಜಾಗ ಕಣೋ."

ಅವನು ಕ್ಯಾಮೆರಾದಿಂದ ಚಿಪ್ಪು ತೆಗೆದ. ಅಕ್ಕನ ಸೂಜಿ ಡಬ್ಬಿ ತೆರೆದು ಅದರೊಳಗೆ ಹಾಕಿ ಮುಚ್ಚಿದ. "ಅವಳದು ಅದು. ಬೇಕಾದ್ರೆ ಅವಳನ್ನ ಕೇಳಿ." ಅಕ್ಕ ಡಬ್ಬಿಯನ್ನು ಏಪ್ರನ್ನಿನ ಜೇಬಿಗೆ ಇಳಿಸಿದಳು.

ಹೊರಗೆ ಎರಡನೇ ಆಟದ ಜನ ಕೂರುತ್ತಿದ್ದರು. ಉದ್ದದ ಹುಡುಗಿಗೆ ಮತ್ತೆ ಬಿಳಿ ಉಡುಪು ತೊಡಿಸಿ ನಿಲ್ಲಿಸಿದ್ದಾಯಿತು. ಉಡುಪಿನ ಬೆನ್ನು ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಬಾಯಿ ಬಿಟ್ಟುಕೊಂಡಿತ್ತು. ಉಳಿದ ಹೊಲಿಗೆಯವರೆಲ್ಲ ತಲೆ ತಗ್ಗಿಸಿ ಇಲ್ಲದ ಕೆಲಸ ಮಾಡುತ್ತಿದ್ದರು.

"ಹೊಲಿ," ಅಂದ ದೊಡ್ಡಸೂಜಿ.

ಅಕ್ಕ ಕೂತೇ ಇದ್ದಳು.

"ಬೇರೆ ಯಾರಾದ್ರೂ ಬನ್ರೇ!" ಯಾರೂ ಬರಲಿಲ್ಲ. ಒಬ್ಬಳಿಗೆ ಇದ್ದಕ್ಕಿದ್ದ ಹಾಗೆ ಕಣ್ಣು ಮಂಜಾಯಿತು, ಇನ್ನೊಬ್ಬಳಿಗೆ ಕೈ ಸೆಟೆದುಕೊಂಡಿತು.

ದೊಡ್ಡಸೂಜಿ ತಾನೇ ಸೂಜಿ ಹಿಡಿದ. ನೈಲಾನ್ ದಾರವನ್ನು ನಾಲಿಗೆಗೆ ಒತ್ತಿಕೊಂಡ. ನಾಲಿಗೆ ಹೊರಗೆ, ಒಂದು ಕಣ್ಣು ಮುಚ್ಚಿ, ಗುರಿಯಿಟ್ಟ. ದಾರ ಸೂಜಿಯ ಆಚೆ ಹೋಯಿತು. ಮತ್ತೆ ಈಚೆ ಹೋಯಿತು. ಮೂರನೇ ಸಲ ಸೂಜಿ ಹೆಬ್ಬೆರಳಿಗೇ ಚುಚ್ಚಿತು. "ಅಮ್ಮಾ," ಅಂದ ದುಡಿಮೆಗೆ ನಮಿಸಿದವನು. ಉದ್ದದ ಹುಡುಗಿ ಅಳುತ್ತ ಅಳುತ್ತಲೇ ಕಿಸಕ್ಕನೆ ನಕ್ಕಳು.

ಪರದೆಯಾಚೆಯಿಂದ ಮೆಟ್ಟಿಲುಗಳ ಕೂಗು ಕೇಳಿಸಿತು: "ಕಾಲೂ...!" ಇನ್ನು ಐದೇ ನಿಮಿಷ. ಧಣಿಯ ಕಡೆಯವನೊಬ್ಬ ಬಂದು ಇಣುಕಿ, ಗಡಿಯಾರ ತೋರಿಸಿ ಹೋದ.

ಬಿಲ್ಲೆಯಮ್ಮನ ಮುಖದ ಬಣ್ಣ ಇಳಿಯಿತು. ಕೊರಳಿಗೆ ಕೈ ಹಾಕಿದಳು. ಕತ್ತರಿಯ ಹುರಿ ಬಿಲ್ಲೆಗಳಿಗೆ ಸಿಕ್ಕಿಕೊಂಡಿತ್ತು. ಕಿತ್ತಳು, ಒಂದು ಬಿಲ್ಲೆ ಹರಿದು ನೆಲಕ್ಕೆ ಬಿತ್ತು. ಪ್ಲಾಸ್ಟಿಕ್ ಕುರ್ಚಿಯ ಮುಂದೆ ಬಗ್ಗಿ, ಹಿಡಿ ಅಕ್ಕನ ಕಡೆಗೆ ಮಾಡಿ, ಎರಡೂ ಕೈಯಲ್ಲಿ ಚಾಚಿದಳು.

"ತಗೋಳಮ್ಮ ಕತ್ತರಿ. ನೀನೇ ಇಟ್ಕೋ, ಯಾವಾಗ್ಲೂ. ತೆವಳೋದೂ ಬೇಡ. ಎದ್ದು ಹೊಲಿದು ಕೊಟ್ಬಿಡು, ಸಾಕು."

ಅಕ್ಕ ಕತ್ತರಿಯನ್ನು ನೋಡಿದಳು. ಟೇಪು ಸುತ್ತಿದ ಬೆರಳನ್ನು ಮಡಿಲಲ್ಲಿ ಇಟ್ಟುಕೊಂಡು, ಕಾಲ ಮೇಲೆ ಕಾಲು ಹಾಕಿದಳು.

"ಬೇಡ," ಅಂದಳು.